ಪಠ್ಯಕ್ರಮ ಪರಿಷ್ಕರಣೆಯ ಚರ್ಚೆ ಮತ್ತು ‘ಹೊರೆ’ ಎಂಬ ಪದ

ಈ ವಿಷಯವನ್ನು ಓದುವವರು ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳಬೇಕು. ಶಿಕ್ಷಣದ ಗುರಿ, ಬೋಧನೆ, ಮೌಲ್ಯಮಾಪನಗಳಿಗೆ ದಿಕ್ಕು ತೋರುವುದು ಪಠ್ಯಕ್ರಮ ಚೌಕಟ್ಟು. ಯಾವ ತರಗತಿಗೆ ಯಾವ ವಿಷಯವೆಂದು ಗೊತ್ತುಪಡಿಸುವುದು ಪಠ್ಯವಸ್ತು. ಮಗುವಿನ ಕೈಸೇರುವುದು ಪಠ್ಯಪುಸ್ತಕ. ಕೇಂದ್ರದ ಶಾಲಾ ಪಠ್ಯಪುಸ್ತಕಗಳನ್ನು ರೂಪಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿ 1975, 1988, 2000, 2005 ಮತ್ತು 2023ರಲ್ಲಿ ಚೌಕಟ್ಟುಗಳನ್ನು ಹೊರತಂದಿದೆ. 1976ರ ಸಂವಿಧಾನದ 42ನೇ ತಿದ್ದುಪಡಿಯಿಂದ ಶಿಕ್ಷಣವು ಕೇಂದ್ರ ಮತ್ತು ರಾಜ್ಯಗಳೆರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿದ್ದರೂ ಚೌಕಟ್ಟು ಶಾಸನವಲ್ಲ. ರಾಜ್ಯಗಳು ತಮ್ಮದೇ ಪುಸ್ತಕಗಳನ್ನು ರೂಪಿಸಿಕೊಳ್ಳಬಹುದು.

2000ದ ಚೌಕಟ್ಟನ್ನು ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿಯೊಡನೆ ಸಮಾಲೋಚಿಸದೆ ರೂಪಿಸಲಾಗಿದೆ ಎಂಬ ಆಕ್ಷೇಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಷ್ಟರಿಂದಲೇ ಚೌಕಟ್ಟು ಅಸಿಂಧುವಾಗದು ಎಂದು 2002ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತಾದರೂ ಔಚಿತ್ಯದ ಪ್ರಶ್ನೆ ಮುಗಿಯಲಿಲ್ಲ. 2005ರ ಚೌಕಟ್ಟಿಗೆ ಭೌತವಿಜ್ಞಾನಿ ಪ್ರೊ. ಯಶ್‌ಪಾಲ್ ಅವರ ಅಧ್ಯಕ್ಷತೆಯ ಸಮಿತಿಯ ಜೊತೆಗೆ 21 ವಿಷಯ ತಂಡಗಳು ದುಡಿದವು.

ಚರ್ಚೆಯ ತಿರುಳು ನನ್ನ ದೃಷ್ಟಿಯಲ್ಲಿ ಇರುವುದು ‘ಹೊರೆ’ ಎಂಬ ಪದದಲ್ಲಿ. 1993ರಲ್ಲಿ ಯಶ್‌ಪಾಲ್ ಅವರದೇ ಅಧ್ಯಕ್ಷತೆಯ ಹಿಂದಿನ ಸಮಿತಿಯೊಂದು ಶಾಲಾಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ಹೆಚ್ಚು ಹಾನಿಕರವೆಂದು ಹೇಳಿತ್ತು. 2022ರಲ್ಲಿ ಕೋವಿಡ್ ನಂತರದ ಹೊರೆಯನ್ನು ತಗ್ಗಿಸಬೇಕೆಂಬ ಕಾರಣ ನೀಡಿ ಎನ್‌ಸಿಇಆರ್‌ಟಿ ತನ್ನ ಪಠ್ಯಪುಸ್ತಕಗಳ ಪುಟಗಳನ್ನು ಕಡಿತಗೊಳಿಸಿತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯ ‘ಅನುವಂಶೀಯತೆ’ಯಾಗಿ ಉಳಿಯಿತು; ಧಾತುಗಳ ಆವರ್ತ ವರ್ಗೀಕರಣದ ಅಧ್ಯಾಯವನ್ನೂ ಕೈಬಿಡಲಾಯಿತು. ಇವು ಹನ್ನೊಂದು, ಹನ್ನೆರಡನೇ ತರಗತಿಗಳಲ್ಲಿ ಇವೆಯಲ್ಲ ಎಂಬ ಸಮರ್ಥನೆ ವಿಜ್ಞಾನ ಆಯ್ದುಕೊಳ್ಳುವವರ ಮಟ್ಟಿಗೆ ಸರಿ. ಹತ್ತರ ನಂತರ ವಾಣಿಜ್ಯಕ್ಕೋ ಕಲಾ ವಿಭಾಗಕ್ಕೋ ಹೋಗುವ ವಿದ್ಯಾರ್ಥಿ ತರಗತಿಯಲ್ಲಿ ಅವನ್ನು ಮತ್ತೆ ಎದುರುಗೊಳ್ಳುವುದಿಲ್ಲ. ಜೀವಿಗಳಲ್ಲಿ ಗುಣಗಳು ಹೇಗೆ ಹರಿದುಬರುತ್ತವೆ ಎಂದು ತಿಳಿದ ಮಗುವಿಗೆ, ಅವು ತಲೆಮಾರುಗಳುದ್ದಕ್ಕೂ ಹೇಗೆ ಬದಲಾಗುತ್ತವೆ ಎಂಬ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರವಾಗಿದ್ದ ಭಾಗವನ್ನೇ ತೆಗೆದರೆ ಪುಸ್ತಕ ಹಗುರವಾಗಬಹುದು, 1993ರ ವರದಿ ಹೇಳಿದ ಹೊರೆ ಹಗುರವಾಗುವುದಿಲ್ಲ.

ಕಾಲಾನುಕ್ರಮವನ್ನೂ ಗಮನಿಸಬೇಕು. ಶಾಲಾ ಶಿಕ್ಷಣವನ್ನು 5, 3, 3 ಮತ್ತು 4 ವರ್ಷಗಳ ನಾಲ್ಕು ಹಂತಗಳಾಗಿ ವಿಂಗಡಿಸುವ 5+3+3+4 ವಿನ್ಯಾಸವನ್ನು ಸೂಚಿಸಿದ್ದು 2020ರ ಶಿಕ್ಷಣ ನೀತಿ, ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅವರ ಸಮಿತಿ ಸಿದ್ಧಪಡಿಸಿದ ಶಾಲಾ ಚೌಕಟ್ಟು ಹೊರಬಂದದ್ದು 2023ರ ಆಗಸ್ಟಿನಲ್ಲಿ. ಪುಸ್ತಕಗಳ ಕಡಿತ ಮಾತ್ರ ಅದಕ್ಕೂ ಮೊದಲೇ, 2005ರ ಹಳೆಯ ಚೌಕಟ್ಟು ಜಾರಿಯಲ್ಲಿದ್ದಾಗಲೇ ನಡೆದಿತ್ತು. ರಾಜ್ಯಶಾಸ್ತ್ರ ಪುಸ್ತಕಗಳ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ಅವರು ಈ ಕಡಿತವನ್ನು ಆಕ್ಷೇಪಿಸಿ 2023ರ ಜೂನಿನಲ್ಲಿ ಆ ಪುಸ್ತಕಗಳಿಂದ ತಮ್ಮ ಹೆಸರುಗಳನ್ನು ತೆಗೆಯುವಂತೆ ಎನ್‌ಸಿಇಆರ್‌ಟಿಗೆ ಪತ್ರ ಬರೆದರು.