ಮೊದಲು ಹೇಳಿ, ನಿಮ್ಮ ದೆವ್ವಕ್ಕೆ ಏನ್ ಬೇಕು?

ಹಾರರ್ ಸ್ಕ್ರಿಪ್ಟ್ ಓದಿ ತಿದ್ದೋದು ನನ್ನ ಕೆಲಸ. ಸಿನಿಮಾ, ವೆಬ್ ಸೀರೀಸ್, ಈಗೀಗ ಆಡಿಯೋ ಕಥೆಗಳೂ ಬರ್ತಿವೆ. ಬರ್ಕೊಂಡು ಬಂದವರಿಗೆ ನಾನು ಮೊದಲು ಕೇಳೋದು ಒಂದೇ, ಈ ದೆವ್ವಕ್ಕೆ ಏನ್ ಬೇಕು? "ರಿವೆಂಜ್ ಸಾರ್" ಅಂತಾರೆ. ಯಾರ ಮೇಲೆ? "ಆ ಬಂಗಲೆಗೆ ಯಾರ್ ಬಂದ್ರೂ ಅಷ್ಟೇ ಸಾರ್."

ಇಲ್ಲೇ ನನ್ನ ತಾಳ್ಮೆ ಕೆಡೋದು. ಯಾರ್ ಬಂದ್ರೂ ಕೊಲ್ಲೋದಾದ್ರೆ ಅದು ಹುಚ್ಚುನಾಯಿ ಆಯ್ತು, ದೆವ್ವ ಆಗ್ಲಿಲ್ಲ. ನಮ್ಮ ಕಡೆ ಸತ್ತವರು ಸುಮ್ನೆ ವಾಪಸ್ ಬರಲ್ಲ. ಬಾಕಿ ಏನೋ ಇರುತ್ತೆ, ಬಾಕಿ ಉಳಿಸ್ಕೊಂಡವರು ಬದುಕಿರ್ತಾರೆ, ಸಾಮಾನ್ಯವಾಗಿ ಅದೇ ಮನೇಲಿ ಇರ್ತಾರೆ.

ಹಳ್ಳೀಲಿ ಯಾರಿಗಾದ್ರೂ ಗಾಳಿ ಮೆಟ್ಕೊಂಡಿದೆ ಅಂದಾಗ ಏನ್ ನಡೆಯುತ್ತೆ ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ. ಬೇವಿನ ಸೊಪ್ಪು, ಪೊರಕೆ ಎಲ್ಲಾ ಇರುತ್ತೆ ನಿಜ, ಆದ್ರೆ ಅಲ್ಲಿ ಕೂತಿರೋ ಹಿರಿಯರು ಬಿಡದೆ ಕೇಳ್ತಾ ಇರೋದು "ಯಾರು ನೀನು, ಯಾಕ್ ಬಂದೆ, ಏನ್ ಬೇಕು ಹೇಳು" ಅಂತ. ಉತ್ತರ ಬರುತ್ತೆ. ನನ್ನ ಓಲೆ ಇವಳ ಕಿವೀಲಿದೆ ಅನ್ನುತ್ತೆ, ನನ್ನ ಮಗೂನ ಒಂದ್ಸಲ ತೋರ್ಸಿ ಅನ್ನುತ್ತೆ, ಕೆಲವೊಂದು ಕೋಳಿ ಕೊಡಿ ಹೋಗ್ತೀನಿ ಅನ್ನುತ್ತೆ. ಓಲೆ ವಿಷಯ ಬಂದ ತಕ್ಷಣ ಮನೆಯವರೆಲ್ಲ ಸುಮ್ನಾಗಿಬಿಡ್ತಾರಲ್ಲ, ಯಾಕಂದ್ರೆ ಸತ್ತ ಸೊಸೆ ಓಲೆ ಯಾರು ತಗೊಂಡ್ರು ಅಂತ ಅಲ್ಲಿರೋ ಅಷ್ಟೂ ಜನಕ್ಕೆ ಗೊತ್ತು ಆದ್ರೆ ಒಬ್ರೂ ಬಾಯಿ ಬಿಟ್ಟಿರಲ್ಲ, ಹಾರರ್ ಇರೋದು ಆ ಮೌನದಲ್ಲಿ. ನೀವು ಆ ಪ್ರಶ್ನೇನೇ ಕಿತ್ತು ಹಾಕಿ ನೇರ ಮಾಂತ್ರಿಕನ್ನ ಕರ್ಕೊಂಡ್ ಬಂದು ಕಿಟಕಿ ಬಡಿಸ್ತೀರ. (ನಾನು ಮಾತಾಡ್ತಿರೋದು ಕಥೆ ಬಗ್ಗೆ ಮಾತ್ರ. ನಿಜವಾಗ್ಲೂ ಮನೇಲಿ ಯಾರಾದ್ರೂ ಹಂಗೆ ಆಡ್ತಿದ್ರೆ ಮಾನಸಿಕ ವೈದ್ಯರ ಹತ್ರ ಕರ್ಕೊಂಡು ಹೋಗಿ, ದಯವಿಟ್ಟು ತಡ ಮಾಡ್ಬೇಡಿ.)

"ನಾಳೆ ಬಾ" ಎಲ್ರಿಗೂ ಗೊತ್ತು, ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ರಾತ್ರಿ ಬರೋ ದೆವ್ವ ವಾಪಸ್ ಹೋಗ್ಲಿ ಅಂತ ಮನೆ ಬಾಗಿಲ ಮೇಲೆ ಬರೀತಿದ್ರು. 2018ರ ಹಿಂದಿ ಸಿನಿಮಾ 'ಸ್ತ್ರೀ' ಇದೇ ಕಥೇನ ಬೇರೆ ಊರಿಗೆ ತಗೊಂಡು ಹೋಗಿ ಗೆದ್ದಿತು. ಅದಾದ್ಮೇಲೆ ನನ್ನ ಟೇಬಲ್‌ಗೆ ಗೋಡೆ ಬರಹದ ದೆವ್ವಗಳು ಸಾಲಾಗಿ ಬಂದ್ವು, ಆದ್ರೆ ಬರಹ ಮಾತ್ರ ಎತ್ಕೊಂಡಿದ್ರು, ಕಟ್ಟುಪಾಡು ಬಿಟ್ಟಿದ್ರು. ಆ ದೆವ್ವ ಬಾಗಿಲು ಒಡೆಯಲ್ಲ. ಅಮ್ಮನ ದನೀಲೋ ಅಕ್ಕನ ದನೀಲೋ ಕರೆಯುತ್ತೆ, ನೀವು ಓಗೊಟ್ಟು ಬಾಗಿಲು ತೆಗೀಬೇಕು. ನಾಳೆ ಬಾ ಅಂತ ಬರೆದಿದ್ರೆ ಓದ್ಕೊಂಡು ಹೋಗುತ್ತೆ, ನಾಳೆ ಮತ್ತೆ ಬರುತ್ತೆ. ಒಂದು ಕಡೆ ಹೇಳೋ ಪ್ರಕಾರ ಅವಳು ಗಂಡನ್ನ ಹುಡುಕ್ತಾ ಇರೋ ಮದುಮಗಳು. ನೋಡಿ, ಅಲ್ಲೂ ಬೇಕಾಗಿರೋದು ಒಂದಿದೆ. ರಾತ್ರಿ ಹೊರಗಡೆ ನಿಜವಾದ ಅಮ್ಮನೇ ನಿಂತು ಕರೆದ್ರೂ ಬಾಗಿಲು ತೆಗೆಯೋಕೆ ಕೈ ನಡುಗೋ ಹಾಗೆ ಆ ಕಥೆ ಮಾಡಿಟ್ಟಿತ್ತು, ಒಂದು ತೊಟ್ಟು ರಕ್ತ ಇಲ್ದೆ.

ತುಳುನಾಡಿನ ಕಲ್ಕುಡ-ಕಲ್ಲುರ್ಟಿ ಪಾಡ್ದನ, ಅಂದ್ರೆ ಬಾಯಿಂದ ಬಾಯಿಗೆ ಬಂದ ಕಥೆ ಹಾಡು, ಕೇಳಿ. ಮೊದಲೇ ಹೇಳ್ಬಿಡ್ತೀನಿ, ಅವರು ದೈವಗಳು, ದೆವ್ವ ಅಲ್ಲ, ಜನ ಕೋಲ ಅನ್ನೋ ಆರಾಧನೆ ಕೊಟ್ಟು ಕೈಮುಗಿದು ನ್ಯಾಯ ಕೇಳೋ ಶಕ್ತಿಗಳು, ಅವರನ್ನ ನಿಮ್ಮ ಬಂಗಲೆಗೆ ತಂದು ಕೂರಿಸ್ಬೇಡಿ. ನಾನು ಹೇಳ್ತಿರೋದು ಕಥೆ ಕಟ್ಟಿರೋ ರೀತಿ ಬಗ್ಗೆ. ಕಾರ್ಕಳದ ಗೊಮ್ಮಟ ನಿಂತಿದ್ದು 1432ರಲ್ಲಿ. ಅದನ್ನ ಕೆತ್ತಿದ ಶಿಲ್ಪಿ ಕಲ್ಕುಡ ಇನ್ನೊಂದು ಕಡೆ ಇಂಥದ್ದನ್ನ ಕೆತ್ತಬಾರದು ಅಂತ ಅರಸ ಅವನ ಒಂದು ಕೈ ಒಂದು ಕಾಲು ಕತ್ತರಿಸ್ತಾನೆ ಅಂತ ಪಾಡ್ದನ ಹೇಳುತ್ತೆ. ಅವನು ಉಳಿದ ಕೈ ಕಾಲಲ್ಲೇ ವೇಣೂರಲ್ಲಿ ಮತ್ತೆ ಕೆತ್ತುತ್ತಾನೆ. ಅಣ್ಣನ ಗತಿ ಕಂಡ ತಂಗಿ ಕಲ್ಲುರ್ಟಿ ಸುಮ್ನಿರಲ್ಲ, ಇಬ್ರೂ ಮಾಯವಾಗಿ ದೈವಗಳಾಗಿ ಅರಸನ ನೆಮ್ಮದಿ ಕೆಡಿಸ್ತಾರೆ. ಇತಿಹಾಸ ಎಷ್ಟು ಪಾಡ್ದನ ಎಷ್ಟು ಅನ್ನೋದು ಬೇರೆ ಚರ್ಚೆ, ವೇಣೂರಿನ ಮೂರ್ತಿ ಕಾಲ 1604 ಅನ್ನೋದು ಗೊತ್ತಿರೋದೇ. ಆದ್ರೆ ಕೋಪಕ್ಕೆ ಕಾರಣ ಎಷ್ಟು ಸ್ಪಷ್ಟ ಇದೆ ನೋಡಿ, ಕೈ ಕತ್ತರಿಸಿದವನು ಯಾರು ಅಂತ ಕೇಳೋ ಮಗೂಗೂ ಗೊತ್ತು.

ಅದೇ ಸೀಮೇಲಿ ಪ್ರೇತ ಮದುವೆ ಇದೆ. ಮದುವೆ ಆಗದೆ ತೀರಿಹೋದ ಮಕ್ಕಳಿಗೆ, ಹಂಗೇ ತೀರಿಹೋದ ಗಂಡೋ ಹೆಣ್ಣೋ ನೋಡಿ, ಸಂಬಂಧ ಕುದುರಿಸಿ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ ಬರೋ ತುಳು ತಿಂಗಳು) ಮದುವೆ ಮಾಡ್ತಾರೆ. 2024ರಲ್ಲಿ ಇದಕ್ಕೆ ವರ ಬೇಕು ಅಂತ ಪತ್ರಿಕೇಲಿ ಜಾಹೀರಾತು ಬಂದಾಗ ತುಂಬಾ ಜನ ನಕ್ಕರು. ನನಗೆ ನಗು ಬರ್ಲಿಲ್ಲ, ಮಗು ಇದ್ದಿದ್ರೆ ಇಷ್ಟ್ ವಯಸ್ಸಾಗಿರ್ತಿತ್ತು ಅಂತ ವರ್ಷ ವರ್ಷ ಲೆಕ್ಕ ಇಟ್ಕೊಂಡಿರೋ ತಾಯಿ ಕಣ್ಮುಂದೆ ಬಂದ್ಲು.

ಹಳೇ ಕಾವ್ಯಕ್ಕೆ ಹೋದ್ರೂ ಹೀಗೇ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳನ್ನ ತುಳ್ಕೊಂಡು ರಣರಂಗದಲ್ಲಿ ನಡೆಯೋವಾಗ ಮರುಳುಗಳು, ಅಂದ್ರೆ ಅಲ್ಲಿನ ಪಿಶಾಚಿಗಳು, ಅವನನ್ನ ಕೊಲ್ಲೋಕೆ ಬರಲ್ಲ, ಹಂಗಿಸ್ತವೆ. ಇಷ್ಟು ಹೆಣ ಯಾರಿಂದ ಬಿತ್ತು ಅಂತ ಅವಕ್ಕೂ ಗೊತ್ತು, ಅವನಿಗೂ ಗೊತ್ತು.

ಎಲ್ಲಾ ದೆವ್ವಕ್ಕೂ ಬೇಡಿಕೆ ಇರ್ಲೇಬೇಕು ಅಂತ ನಾನು ಹೇಳಲ್ಲ. ಕೊಳ್ಳಿದೆವ್ವ ಏನೂ ಕೇಳಲ್ಲ, ರಾತ್ರಿ ಗದ್ದೆ ಬಯಲಲ್ಲಿ ಬೆಂಕಿ ತೋರ್ಸಿ ದಾರಿ ತಪ್ಸುತ್ತೆ ಅಷ್ಟೇ. ಮೋಹಿನಿ ಕಥೆ ಊರಿಂದೂರಿಗೆ ಬದಲಾಗುತ್ತೆ. ಆದ್ರೆ ಎರಡು ಗಂಟೆ ಸಿನಿಮಾ ಎಳೀಬೇಕು ಅಂದ್ರೆ ಕೊಳ್ಳಿದೆವ್ವ ಒಂದ್ರಿಂದ ಆಗೋದು ನನ್ನ ಅನುಭವದಲ್ಲಿ ಕಷ್ಟ.

ಮಂಡ್ಯ ಕಡೆ ಹುಡುಗ ಒಬ್ಬ ಸಕಲೇಶಪುರದ ಬಂಗಲೆ, ಬಿಳಿ ಸೀರೆ, ಸಾಲು ಸಾಲು ಸಾವು ಎಲ್ಲಾ ಬರ್ಕೊಂಡು ಬಂದಿದ್ದ. ಬಹಳ ಒಳ್ಳೆ ಹುಡುಗ, ಕಿವಿ ಚೆನ್ನಾಗಿದೆ, ಡೈಲಾಗ್ ಜೀವಂತ ಬರೀತಾನೆ. ಅದನ್ನ ಪಕ್ಕಕ್ಕಿಟ್ಟು ನಿಮ್ಮನೇಲಿ ಪಿತೃಪಕ್ಷಕ್ಕೆ ಎಡೆ ಯಾರ್ಯಾರಿಗೆ ಇಡ್ತೀರಪ್ಪ ಅಂದೆ. ತಾತನಿಗೆ ಬೀಡಿ, ಬ್ರಾಂದಿ, ಮಟನ್ ಅಂದ. ಅಜ್ಜಿಗೆ ಎಲೆ ಅಡಿಕೆ, ಹೊಸ ಸೀರೆ. ಆಮೇಲೆ ಸ್ವಲ್ಪ ತಡೆದು, ಕೊನೇಲಿ ಒಂದು ಚಿಕ್ಕ ಎಲೆ ಇಡ್ತಾರೆ ಸಾರ್, ಹಸಿರು ಬಳೆ ಇಡ್ತಾರೆ, ಅದು ಯಾರ್ದು ಅಂತ ಕೇಳಿದ್ರೆ ಅವ್ವ ಬೈತಾಳೆ ಅಂದ. ನಾನು ಪೆನ್ನು ಕೆಳಗಿಟ್ಟೆ. ಆ ಎಲೆ ಯಾರ್ದು, ಒಂದು ವರ್ಷ ಅದನ್ನ ಇಡೋದು ಮರೆತ್ರೆ ಏನಾಗುತ್ತೆ, ಇಷ್ಟು ಸಾಕಿತ್ತು. ಬಂಗಲೆ ಹೋಯ್ತು, ಈಗ ಕಥೆ ಪೂರ್ತಿ ಒಂದು ಅಡುಗೆಮನೇಲಿ ನಡೆಯುತ್ತೆ.

ನೀವೂ ಮನೇಲಿ ಕೇಳಿ, ಆದ್ರೆ "ಅಜ್ಜಿ ದೆವ್ವದ ಕಥೆ ಹೇಳು" ಅಂತ ಮೊಬೈಲ್ ಮುಂದೆ ಹಿಡೀಬೇಡಿ, ಹಂಗೆ ಕೇಳಿದ್ರೆ ಟೀವೀಲಿ ನೋಡಿದ್ದೇ ವಾಪಸ್ ಬರುತ್ತೆ. ಎಡೆಗೆ ಅಡುಗೆ ಮಾಡೋವಾಗ ಜೊತೆಗೆ ಕೂತು ಕಾಯಿ ತುರ್ಕೊಡಿ, ಇದ್ಯಾರಿಗೆ ಇಷ್ಟ ಇತ್ತು ಅಂತ ಕೇಳಿ, ಅವರು ಸಾಕು ಅಂದಾಗ ನಿಲ್ಸಿ. ಮನೇಲಿ ಇತ್ತೀಚೆಗೆ ಸಾವಾಗಿದ್ರೆ ಈ ವರ್ಷ ಕೇಳೋದೇ ಬೇಡ.