ಗಳಿಗೆ ಕೆಟ್ಟಿದ್ದಲ್ಲ, ಸರದಿ ತಪ್ಪಿದ್ದು

ಲೈಸೆನ್ಸ್ ಇರುವ ಪಿಸ್ತೂಲಿನಿಂದ ಮನೆಯೊಳಗೆ ಗುಂಡು ಹಾರಿದಾಗ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಹಿಡಿದವನು ಹೇಳುವುದು: ‘ಮ್ಯಾಗಜಿನ್ ತೆಗದಿದ್ನಿ, ಖಾಲಿ ಇತ್ತು.’ ಸುತ್ತಲಿನವರು ಹೇಳುವುದು: ‘ಗಳಿಗಿ ಛಲೋ ಇರಲಿಲ್ಲ ಬಿಡ್ರಿ.’ ಮೊದಲನೆಯದು ಅರ್ಧ ಸತ್ಯ. ಎರಡನೆಯದರಲ್ಲಿ ಅಷ್ಟೂ ಇಲ್ಲ. ರಾಹುಕಾಲ ನೋಡಿ ಹಾರುವ ಪಿಸ್ತೂಲನ್ನು ಯಾವ ಕಾರ್ಖಾನೆಯೂ ಇನ್ನೂ ತಯಾರಿಸಿಲ್ಲ. ಹಾರಿದ್ದು ಚೇಂಬರಿನಲ್ಲಿ ಕೂತಿದ್ದ ಒಂದೇ ಒಂದು ತೋಟಾ. ಅದು ಅಲ್ಲಿ ಕೂತಿದ್ದಕ್ಕೆ ಕಾರಣ, ಎರಡು ಸಣ್ಣ ಕೆಲಸಗಳಲ್ಲಿ ಹಿಂದಿನದು ಮುಂದಾಗಿ ಮುಂದಿನದು ಹಿಂದಾದದ್ದು.

ಮ್ಯಾಗಜಿನ್ ಎಂದರೆ ಹಿಡಿಕೆಯೊಳಗೆ ಸೇರುವ ಡಬ್ಬಿ. ಕೆಳಗಿನ ಸ್ಪ್ರಿಂಗು ಅದರೊಳಗಿನ ತೋಟಾಗಳನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ಚೇಂಬರ್ ಇರುವುದು ಬೇರೆ ಕಡೆ, ನಳಿಗೆಯ ಹಿಂದುಗಡೆ ತೋಟಾದ ಅಳತೆಗೆ ಸರಿಯಾಗಿ ಕೊರೆದ ಗೂಡಿನಲ್ಲಿ. ಎರಡರ ನಡುವೆ ಓಡಾಡುವುದು ಮೇಲಿನ ಸ್ಲೈಡ್. ಟ್ರಿಗರ್ ಎಳೆದಾಗ ಫೈರಿಂಗ್ ಪಿನ್ ತೋಟಾದ ತಳದ ಪ್ರೈಮರಿಗೆ ಬಡಿಯುತ್ತದೆ, ಪ್ರೈಮರಿನ ಕಿಡಿ ಮದ್ದಿಗೆ ಹತ್ತುತ್ತದೆ. ನಮ್ಮಲ್ಲಿ ಲೈಸೆನ್ಸುದಾರರ ಬಳಿ ಸಾಮಾನ್ಯವಾಗಿರುವ .32 ಪಿಸ್ತೂಲಿನಲ್ಲಿ ಆ ಕ್ಷಣದ ಒತ್ತಡ ವಾಯುಮಂಡಲದ ಒತ್ತಡದ ಸಾವಿರ ಪಟ್ಟನ್ನು ಮೀರುತ್ತದೆ. ಸುಮಾರು 4.6 ಗ್ರಾಂ ತೂಕದ ಗುಂಡು ಸೆಕೆಂಡಿಗೆ 270 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಬೀಳುತ್ತದೆ. ಗುಂಡನ್ನು ಮುಂದೆ ತಳ್ಳಿದ ಬಲವೇ ಸ್ಲೈಡನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದೆ ಸರಿಯುವ ಸ್ಲೈಡಿನ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ಖಾಲಿ ಕೇಸನ್ನು, ಅಂದರೆ ಗುಂಡು ಹೋದ ಮೇಲೆ ಉಳಿದ ತೋಟಾದ ಹಿತ್ತಾಳೆ ಕವಚವನ್ನು, ಚೇಂಬರಿನಿಂದ ಎಳೆಯುತ್ತದೆ. ಎಜೆಕ್ಟರ್ ಅದನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ. ಸ್ಪ್ರಿಂಗು ಸ್ಲೈಡನ್ನು ಮತ್ತೆ ಮುಂದಕ್ಕೆ ದೂಡುವಾಗ ಅದು ಮ್ಯಾಗಜಿನ್ನಿನ ತಲೆಯ ಮೇಲಿನ ಹೊಸ ತೋಟಾವನ್ನು ಕಿತ್ತುಕೊಂಡು ಚೇಂಬರಿಗೆ ತುರುಕುತ್ತದೆ. ರೆಪ್ಪೆ ಬಡಿಯುವುದರೊಳಗೆ ಇಷ್ಟೂ ಮುಗಿದಿರುತ್ತದೆ.

ಗಮನಿಸಿ: ಚೇಂಬರಿಗೆ ಬಂದ ತೋಟಾ ಅಲ್ಲಿಂದ ಮ್ಯಾಗಜಿನ್ನಿಗೆ ವಾಪಸು ಹೋಗುವ ದಾರಿಯೇ ಇಲ್ಲ. ಹೋದರೆ ನಳಿಗೆಯ ಬಾಯಿಂದ ಹೋಗಬೇಕು, ಇಲ್ಲವೆ ಪಕ್ಕದ ಕಿಂಡಿಯಿಂದ ಬೀಳಬೇಕು. ತಾಟು ಎತ್ತಿಟ್ಟರೆ ಬಾಯೊಳಗಿನ ತುತ್ತು ಹೊರಗೆ ಬಂದೀತೇ? ಹಾಗೆಯೇ ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಚೇಂಬರು ಬರಿದಾಗುವುದಿಲ್ಲ. ಬಹಳಷ್ಟು ಮಾದರಿಗಳಲ್ಲಿ ಮ್ಯಾಗಜಿನ್ ಇಲ್ಲದೆಯೂ ಆ ಒಂದು ಗುಂಡು ಹಾರುತ್ತದೆ.

ಇನ್ನು ಸರದಿಯ ಲೆಕ್ಕ. ಮ್ಯಾಗಜಿನ್ನಿನಲ್ಲಿ 6, ಚೇಂಬರಿನಲ್ಲಿ 1, ಒಟ್ಟು 7 ತೋಟಾ ಎನ್ನೋಣ. ಸರಿಯಾದ ಕ್ರಮದಲ್ಲಿ ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಚೇಂಬರಿನದು ಕೆಳಗೆ ಬೀಳುತ್ತದೆ, ಅದರ ಜಾಗಕ್ಕೆ ಬರಲು ಬೇರೊಂದಿಲ್ಲ. ಡಬ್ಬಿಯಲ್ಲಿ 6, ನೆಲದ ಮೇಲೆ 1, ಲೆಕ್ಕ ಮುಟ್ಟಿತು. ತಪ್ಪು ಕ್ರಮದಲ್ಲಿ ಮೊದಲು ಸ್ಲೈಡ್ ಎಳೆದರೆ ಚೇಂಬರಿನದು ಕೆಳಗೆ ಬಿದ್ದ ಕೂಡಲೇ ಮ್ಯಾಗಜಿನ್ನಿನ ಮೇಲಿನದು ಒಳಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದರೆ ಡಬ್ಬಿಯಲ್ಲಿ 5, ನೆಲದ ಮೇಲೆ 1. ಏಳನೆಯದು ಎಲ್ಲಿ? ಎರಡೂ ಸಲ ಮಾಡಿದ ಕೆಲಸ ಅವೇ, ಮುಗಿದ ಮೇಲೆ ಕಣ್ಣಿಗೆ ಕಾಣುವ ನೋಟವೂ ಅದೇ. ತಪ್ಪು ಮಾಡಿದವನಿಗೆ ಧೈರ್ಯ ಇನ್ನೂ ಒಂದು ಕೈ ಹೆಚ್ಚು, ಯಾಕೆಂದರೆ ತೋಟಾ ಹೊರಗೆ ಚಿಮ್ಮಿದ್ದನ್ನು ಅವನು ಸ್ವಂತ ಕಣ್ಣಿಂದ ನೋಡಿದ್ದಾನೆ! ‘ಖಾಲಿ ಇತ್ತು’ ಎಂದು ಅವನು ಆಣೆ ಮಾಡಿ ಹೇಳುವುದು ಇದಕ್ಕೇ. ಅವನು ಸುಳ್ಳು ಹೇಳುತ್ತಿಲ್ಲ, ಎಣಿಸಿಲ್ಲ ಅಷ್ಟೆ.

ಹಳೆಯ ಕಾಲದ ಮದ್ದುಗುಂಡಿಗೆ ಈ ಗೊಂದಲ ಇರಲಿಲ್ಲ, ಬೇರೆ ಗೊಂದಲ ಇತ್ತು. ಬಾಯಿಂದ ಮದ್ದು ತುಂಬುವ ಬಂದೂಕು ತುಂಬಿದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ನಳಿಗೆಯೊಳಗೆ ಗಜಕಡ್ಡಿ ಇಳಿಬಿಟ್ಟು ಅದು ತಳ ಮುಟ್ಟಿತೋ ನಡುವೆಯೇ ನಿಂತಿತೋ ನೋಡಬೇಕಿತ್ತು. ವಿಜಯಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿಗೆ ಕಡ್ಡಿಯೂ ಬೇಡ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಆ ತೋಪಿನ ಸಿಂಹದ ಬಾಯೊಳಗೆ ಇಣುಕಿದರೆ ಸಾಕು. ಅದರ ಪಕ್ಕ ನೀರಿನ ತೊಟ್ಟಿಯಿದ್ದು, ಬತ್ತಿ ಹಚ್ಚಿದ ಗೋಲಂದಾಜ ಕಿವಿ ಉಳಿಸಿಕೊಳ್ಳಲು ಅದರೊಳಗೆ ತಲೆ ಮುಳುಗಿಸುತ್ತಿದ್ದನೆಂದು ಗೈಡುಗಳು ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಕಾಳಜಿ ಮಾತ್ರ ನ್ಯಾಯವಾದದ್ದು. ಕೈಪಿಸ್ತೂಲಿನ ಸದ್ದೇ 150 ಡೆಸಿಬೆಲ್ ದಾಟುತ್ತದೆ, 140 ದಾಟಿದರೆ ಒಂದೇ ಹೊಡೆತಕ್ಕೆ ಕಿವಿಯ ಒಳಗಿನ ರೋಮಕೋಶಗಳು ಕಾಯಂ ಆಗಿ ಸಾಯಬಹುದು. ಇಯರ್‌ಪ್ಲಗ್ಗಿನ ಮೇಲೆ ಇಯರ್‌ಮಫ್, ಎರಡನ್ನೂ ಹಾಕಬೇಕು. ಕಣ್ಣಿಗೆ ಕನ್ನಡಕ ಬೇಕಾದದ್ದು ಪಕ್ಕದವನ ಪಿಸ್ತೂಲಿನಿಂದ ಚಿಮ್ಮುವ ಬಿಸಿ ಕೇಸಿಗಾಗಿ. ತನ್ನಷ್ಟಕ್ಕೆ ತುಂಬಿಕೊಳ್ಳುವ ಪಿಸ್ತೂಲುಗಳು 19ನೇ ಶತಮಾನದ ಕೊನೆಗೆ ಬಂದವು, ಅವುಗಳಲ್ಲಿ ಬಳಸುವ 7.65 ಮಿ.ಮೀ. ತೋಟಾ ಅಮೆರಿಕದ ಜಾನ್ ಬ್ರೌನಿಂಗ್ ಕೈಯದು. .32 ಎಂದು ನಾವು ಕರೆಯುವುದು ಅದನ್ನೇ. ಅಂದಿನಿಂದಲೇ ‘ಕಾಣದ ಒಂದು’ ಹುಟ್ಟಿಕೊಂಡಿತು.

ಖಾಲಿ ಮಾಡುವ ಕ್ರಮ ಹೀಗೆ. ಮೂತಿ ಸುರಕ್ಷಿತ ದಿಕ್ಕಿಗೆ ಇರಲಿ. ತೋರುಬೆರಳು ಟ್ರಿಗರ್ ಬಿಟ್ಟು ಚೌಕಟ್ಟಿನ ಪಕ್ಕಕ್ಕೆ ನೇರವಾಗಿ ಚಾಚಿರಲಿ. ಮ್ಯಾಗಜಿನ್ ತೆಗೆದು ಬದಿಗಿಡಿ. ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎರಡು ಮೂರು ಸಲ ಎಳೆದು, ಕೊನೆಗೆ ಹಿಂದೆಯೇ ಲಾಕ್ ಮಾಡಿ. ಈಗ ಚೇಂಬರಿನೊಳಗೆ ಕಣ್ಣು ಹಾಯಿಸಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ಮ್ಯಾಗಜಿನ್ ಸೇರುವ ಕಿಂಡಿಯನ್ನೂ ಹಾಗೆಯೇ ನೋಡಿ. ಕಣ್ಣೇ ಸಾಲದೆ ಬೆರಳೇಕೆ ಎಂದರೆ, ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಸವೆದಿದ್ದರೆ ಅಥವಾ ಮುರಿದಿದ್ದರೆ ಎಷ್ಟು ಸಲ ಎಳೆದರೂ ತೋಟಾ ಚೇಂಬರಿನಲ್ಲೇ ಉಳಿಯುತ್ತದೆ. ಮಬ್ಬು ಬೆಳಕಿನಲ್ಲಿ ತೋಟಾದ ತಳವೂ ಚೇಂಬರಿನ ಲೋಹವೂ ಒಂದೇ ಥರ ಹೊಳೆಯುತ್ತವೆ. ಬೀಳುವ ತೋಟಾವನ್ನು ಹಿಡಿಯಲೆಂದು ಕಿಂಡಿಯ ಮೇಲೆ ಅಂಗೈ ಮುಚ್ಚುವ ಚಟ ಕೆಲವರಿಗಿದೆ, ಬೇಡ. ಅಂಗೈ ತಡೆದಾಗ ತೋಟಾ ಓರೆಯಾಗಿ ಸಿಕ್ಕಿಕೊಂಡು ಪ್ರೈಮರು ಎಜೆಕ್ಟರಿನ ತುದಿಗೆ ಬಡಿದರೆ ಅಲ್ಲೇ ಸಿಡಿಯುತ್ತದೆ, ಹಿತ್ತಾಳೆಯ ಚೂರು ಕೈಯೊಳಗೆ ಹೊಗುತ್ತದೆ. ಬಿದ್ದದ್ದು ಬೀಳಲಿ, ಆಮೇಲೆ ಎತ್ತಿಕೊಂಡು ಎಣಿಸಬಹುದು. ಇಷ್ಟೆಲ್ಲ ಆದ ಮೇಲೆ ಇನ್ನೊಬ್ಬರಿಗೂ ತೋರಿಸಬೇಕು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತಯಾರಾದ ಮಾಜಿ ಸೈನಿಕರು ಈ ಜಿಲ್ಲೆಯ ಊರೂರಲ್ಲಿ ಇದ್ದಾರೆ. ‘ಜಾಂಚ್ ಶಸ್ತ್ರ್’, ಅಂದರೆ ಆಯುಧವನ್ನು ತಪಾಸಣೆಗೆ ತೋರಿಸಿ, ಎಂಬ ಹುಕುಂ ಕೇಳಿದರೆ ಅವರ ಕೈ ಇವತ್ತಿಗೂ ತಾನಾಗಿ ಚೇಂಬರಿನ ಕಡೆ ಹೋಗುತ್ತದೆ. ಹೊಸಬರು ಹತ್ತಿರದ ಹವಾಲ್ದಾರರೊಬ್ಬರ ಮುಂದೆ ಡಮ್ಮಿ ತೋಟಾ ಇಟ್ಟುಕೊಂಡು ಇದನ್ನು ರೂಢಿ ಮಾಡಿಕೊಳ್ಳುವುದು ಮೇಲು.

ಬೆರಳನ್ನು ದೂರ ಇಡಬೇಕೆಂಬ ನಿಯಮದ ಹಿಂದೆ ನರಮಂಡಲದ ಒಂದು ಗುಟ್ಟಿದೆ. ಒಂದು ಕೈ ಬಿಗಿಯಾಗಿ ಮುಷ್ಟಿ ಕಟ್ಟಿದರೆ ಇನ್ನೊಂದು ಕೈಯ ಸ್ನಾಯುಗಳೂ ತಕ್ಕಮಟ್ಟಿಗೆ ಬಿಗಿಯುತ್ತವೆ. ಕಾಲು ಜಾರಿದಾಗ, ಹಿಂದಿನಿಂದ ಯಾರೋ ಕೂಗಿದಾಗಲೂ ಅಷ್ಟೇ, ಬೆರಳುಗಳು ಕೇಳದೆಯೇ ಮಡಚಿಕೊಳ್ಳುತ್ತವೆ. ಎಡಗೈಯಿಂದ ಬಾಗಿಲು ಎಳೆಯುತ್ತ ಬಲಗೈ ಬೆರಳನ್ನು ಟ್ರಿಗರ್ ಮೇಲೆ ಇಟ್ಟವನು ‘ಒತ್ತಲೇ ಇಲ್ಲ’ ಎನ್ನುವುದು ಅವನ ಮಟ್ಟಿಗೆ ನಿಜ. ಸೇಫ್ಟಿ ಲಾಕ್ ಇದೆಯಲ್ಲ ಎಂಬ ಭರವಸೆ ಬೇಡ. ಅದೂ ಸವೆಯುವ ಲೋಹದ ತುಂಡೇ, ಮೇಲಾಗಿ ಹಾಕಿದೆಯೋ ತೆಗೆದಿದೆಯೋ ನೆನಪಿಡಬೇಕಾದವರು ನಾವು.

ಸುರಕ್ಷಿತ ದಿಕ್ಕು ಯಾವುದು? ನಮ್ಮ ಮನೆಗಳಲ್ಲಿ ನೆಲ ಅಲ್ಲ. ಶಹಾಬಾದ್ ಫರಸಿಗೆ ಬಡಿದ ಗುಂಡು ಚಪ್ಪಟೆಯಾಗಿ, ಇಲ್ಲವೆ ಚೂರಾಗಿ ನೆಲಕ್ಕೆ ಸವರಿಕೊಂಡೇ ಹಾರಿ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಆಗಷ್ಟೇ ನಡೆಯಲು ಕಲಿತ ಕೂಸಿನ ಎದೆಯ ಎತ್ತರವೂ ಹೆಚ್ಚುಕಡಿಮೆ ಅದೇ. ಒಂದೂವರೆ ಅಡಿ ಆಳದ ಬಕೆಟ್ಟಿನ ತುಂಬ ಒಣ ಮರಳು ಇಟ್ಟು ಮೂತಿಯನ್ನು ಅದರ ಕಡೆ ತೋರಿಸಿ ಖಾಲಿ ಮಾಡಿದರೆ, ಆಕಸ್ಮಾತ್ ಹಾರಿದ್ದೂ ಅಲ್ಲೇ ಹೂತುಹೋಗುತ್ತದೆ.

ಆಕಾಶವೂ ಸುರಕ್ಷಿತ ದಿಕ್ಕಲ್ಲ. ಮದುವೆ ಮೆರವಣಿಗೆಯಲ್ಲಿ ಮೇಲಕ್ಕೆ ಹಾರಿಸಿದ್ದು ‘ಗಾಳ್ಯಾಗ ಹೋತು’ ಎಂದುಕೊಳ್ಳುವವರಿಗೆ ಒಂದು ಹಳೆಯ ಪ್ರಯೋಗ. 1920ರ ಸುಮಾರಿಗೆ ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಫ್ಲೋರಿಡಾದಲ್ಲಿ ನೀರಿನ ಮೇಲೆ ಅಟ್ಟ ಕಟ್ಟಿಸಿ ನೆಟ್ಟಗೆ ಮೇಲಕ್ಕೆ ಗುಂಡು ಹಾರಿಸಿ ನೋಡಿದರು. ವಾಪಸು ಬಂದ ರೈಫಲ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 90 ಮೀಟರ್. ಚರ್ಮ ಸೀಳಲು 60ರ ಆಸುಪಾಸು ಸಾಕು. ನೆಟ್ಟಗೆ ಹಾರಿಸದೆ ಓರೆಯಾಗಿ ಹಾರಿಸಿದರಂತೂ ಗುಂಡು ಗಿರಕಿ ತಪ್ಪದೆ, ಇನ್ನೂ ಹೆಚ್ಚಿನ ವೇಗದಲ್ಲಿ, ಎಲ್ಲೋ ಒಂದು ಓಣಿಯಲ್ಲಿ ಇಳಿಯುತ್ತದೆ. 2019ರ ತಿದ್ದುಪಡಿಯ ನಂತರ ಆಯುಧ ಕಾಯ್ದೆ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ.

ಆಯುಧವೆಂದರೆ ಮಾನ ಎನ್ನುವ ನೆಲ ಇದು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದು ಪ್ರಾಣ ಕೊಟ್ಟರು. ಆ ಮಾನಕ್ಕೆ ತಕರಾರಿಲ್ಲ. ತಕರಾರಿರುವುದು ಖಂಡೇನವಮಿಯ ದಿನ ತುಂಬಿದ ಪಿಸ್ತೂಲನ್ನೇ ಜಗಲಿಯ ಮೇಲಿಟ್ಟು, ‘ಖಾಲಿ ಆಯುಧಕ್ಕ ಪೂಜಿ ಮಾಡಬಾರದು’ ಎನ್ನುವ ನಂಬಿಕೆಗೆ. ಅರಿಷಿಣ, ಕುಂಕುಮ, ಟೆಂಗಿನ ನೀರು ಫೈರಿಂಗ್ ಪಿನ್ನಿನ ಸಂದಿಗೆ ಇಳಿದರೆ ಪಿನ್ನು ಜಿಗುಟಾಗಿ ಗುಂಡು ಹಾರದಿರಬಹುದು, ಕೆಟ್ಟರೆ ಮುಂದಕ್ಕೆ ಚಾಚಿಯೇ ನಿಲ್ಲಬಹುದು. ಚಾಚಿ ನಿಂತ ಪಿನ್ನಿದ್ದರೆ ಮುಂದಿನ ಸಲ ಸ್ಲೈಡ್ ಮುಚ್ಚುತ್ತಲೇ, ಟ್ರಿಗರ್ ಮುಟ್ಟದೆಯೇ, ತೋಟಾ ಸಿಡಿದೀತು. ಖಾಲಿ ಮಾಡಿ, ಬಟ್ಟೆ ಸುತ್ತಿ, ಕುಂಕುಮವನ್ನು ಬಟ್ಟೆಗೆ ಹಚ್ಚಲಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವಾಗಲೂ ಮನೆಯಲ್ಲೇ ಎಣಿಸಿ, ಖಾಲಿ ಮಾಡಿ, ತೋಟಾಗಳನ್ನು ಬೇರೆ ಚೀಲದಲ್ಲಿ ಒಯ್ಯಬೇಕು.

ಗುಂಡು ಹಾರಿಸುವಾಗ ‘ಟಕ್’ ಎಂದು ಸುಮ್ಮನಾದರೆ ಮೂತಿಯನ್ನು ಗುರಿಯ ಕಡೆಯೇ ಹಿಡಿದು 30 ಸೆಕೆಂಡ್ ಕಾಯಿರಿ, ಪ್ರೈಮರು ತಡವಾಗಿ ಹತ್ತುವುದುಂಟು. ಸದ್ದು ‘ಪುಸ್’ ಎಂದು ಸಣ್ಣದಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆಯೇ ಒಡೆಯುತ್ತದೆ. ಹಿಡಿಯುವಾಗ ಎಡ ಹೆಬ್ಬೆರಳು ಸ್ಲೈಡಿನ ಹಿಂದೆ ಅಡ್ಡ ಬರಬಾರದು, ಚರ್ಮ ಸುಲಿದುಹೋಗುತ್ತದೆ. ರಿವಾಲ್ವರಿನಲ್ಲಿ ಬೆರಳು ಸಿಲಿಂಡರಿನ ಮುಂದಿನ ಸಂದಿಗೆ ಹೋಗಬಾರದು, ಅಲ್ಲಿಂದ ಬಿಸಿ ಅನಿಲ ನುಗ್ಗುತ್ತದೆ. ಒಂದೇ ತೋಟಾವನ್ನು ದಿನಾ ಚೇಂಬರಿಗೆ ಹಾಕಿ ತೆಗೆದು ಮಾಡಿದರೆ ಗುಂಡು ಕೇಸಿನೊಳಗೆ ಕುಸಿದು, ಹಾರಿಸಿದಾಗ ಒತ್ತಡ ಮಿತಿ ಮೀರುತ್ತದೆ. ಚರ್ಮದ ಚೀಲದಲ್ಲಿ ಇಟ್ಟೇ ಬಿಟ್ಟರೆ ಬೆಳಗಾವಿಯ ಮಳೆಗಾಲದಲ್ಲಿ ತುಕ್ಕು. ಎಣ್ಣೆ ಸುರಿದು ಇಟ್ಟರೆ ವಿಜಯಪುರದ ಬೇಸಿಗೆಯ ದೂಳು ಅದಕ್ಕೆ ಮೆತ್ತಿ ಸ್ಲೈಡು ತಡವರಿಸುತ್ತದೆ.

2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ಅದನ್ನು ಕಾಗದದ ಕೆಲಸವೆಂದು ಮುಗಿಸದೆ, 4.5 ಮಿ.ಮೀ. ಏರ್ ಪಿಸ್ತೂಲಿನಿಂದ 10 ಮೀಟರ್ ದೂರದ ಗುರಿಗೆ ಕೆಲವು ತಿಂಗಳು ಅಭ್ಯಾಸ ಮಾಡಿದರೆ ಬೆರಳು ಮತ್ತು ಮೂತಿಯ ಶಿಸ್ತು ಅಗ್ಗದಲ್ಲೇ ಬರುತ್ತದೆ.

ಭೀಮಾ ತೀರದ ಕುಖ್ಯಾತ ನಾಡ ಪಿಸ್ತೂಲಿಗೆ ಮಾತ್ರ ಮೇಲೆ ಹೇಳಿದ ಯಾವ ಕ್ರಮವೂ ಅನ್ವಯಿಸದು. ಅದರ ನಳಿಗೆಯ ಒತ್ತಡ ಪರೀಕ್ಷೆ ಯಾರೂ ಮಾಡಿಲ್ಲ. ಬಿದ್ದರೆ ಹಾರದಂತೆ ತಡೆಯುವ ಭಾಗ ಅದರಲ್ಲಿರುವುದಿಲ್ಲ. ಚೇಂಬರನ್ನು ತೆರೆಯುವುದು ಹೇಗೆಂಬುದೂ ಕಟ್ಟಿದವನಿಗಷ್ಟೇ ಗೊತ್ತು. ಹೊಲದ ಬದುವಿನಲ್ಲೋ ಪಾಳುಬಾವಿಯ ಬಳಿಯೋ ಅಂಥದ್ದು ಕಂಡರೆ ಖಾಲಿ ಮಾಡಲು ಹೋಗದೆ, ಇದ್ದಲ್ಲೇ ಬಿಟ್ಟು, ಮಕ್ಕಳನ್ನೂ ದನಗಳನ್ನೂ ದೂರ ಸರಿಸಿ 112ಕ್ಕೆ ಫೋನ್ ಮಾಡಿ.