ಹಳೇ ವರ್ಷನ್, ಹೊಸ ವರ್ಷನ್, ನಡುವಿನ ಹೊತ್ತು

ಆಟಗಾರರ ದೂರುಗಳಲ್ಲಿ ಒಂದು ಮಾತ್ರ ಎಷ್ಟು ವರ್ಷ ಕಳೆದರೂ ಬದಲಾಗಿಲ್ಲ. "ಒಂದು ಗನ್ನಿನ ಡ್ಯಾಮೇಜ್ 32 ಇದ್ದದ್ದನ್ನು 29 ಮಾಡೋಕೆ ಮೂರು ವಾರ ಬೇಕಾ? ಟೈಪ್ ಮಾಡಿದ್ರೆ ಆಯ್ತಲ್ವಾ?" ಡ್ಯಾಮೇಜ್ ಅಂದರೆ ಒಂದು ಗುಂಡು ಎದುರಾಳಿಯ ಪ್ರಾಣದಲ್ಲಿ ಎಷ್ಟು ಕಳೆಯುತ್ತದೆ ಎಂಬ ಅಂಕಿ. ಟೈಪ್ ಮಾಡಲು ಹತ್ತು ಸೆಕೆಂಡ್ ಸಾಕು, ನಿಜ. ಆನ್‌ಲೈನ್ ಆಟಗಳ ಸರ್ವರ್ ನೋಡಿಕೊಳ್ಳುವ, ಅಪ್‌ಡೇಟ್ ಹೊರಗೆ ಬಿಡುವ ಕೆಲಸದಲ್ಲೇ ನಾನು ಬಹಳ ಕಾಲ ಕಳೆದಿದ್ದೇನೆ. ಉಳಿದ ಮೂರು ವಾರ ಎಲ್ಲಿ ಹೋಗುತ್ತದೆ ಅಂತ ಹೇಳಬೇಕಾದರೆ, ಆಟ ಎಲ್ಲಿದೆ ಅನ್ನುವುದರಿಂದ ಶುರು ಮಾಡಬೇಕು.

ಆಟ ಒಂದೇ ಕಡೆ ಇರುವುದಿಲ್ಲ. ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವುದು ಕ್ಲೈಂಟ್. ಚಿತ್ರ, ಸದ್ದು, ಬಟನ್ ಎಲ್ಲ ಅದರ ಜವಾಬ್ದಾರಿ. ಪಂದ್ಯ ನಿಜವಾಗಿ ನಡೆಯುವುದು ಸರ್ವರ್‌ನಲ್ಲಿ, ಅಂದರೆ ನಮ್ಮ ಕಡೆಯ ಕಂಪ್ಯೂಟರಿನಲ್ಲಿ. ನೀವು ಗುಂಡು ಹಾರಿಸಿದಿರಿ ಅಂತ ಕ್ಲೈಂಟ್ ಹೇಳುತ್ತದೆ, ತಾಗಿತೋ ಇಲ್ಲವೋ ಅಂತ ಸರ್ವರ್ ತೀರ್ಮಾನ ಮಾಡುತ್ತದೆ. ಹಾಗೆ ಮಾಡದಿದ್ದರೆ ಮೋಸಗಾರರಿಗೆ ಹಬ್ಬ. ಇವೆರಡರ ಹಿಂದೆ ಡೇಟಾಬೇಸ್ ಇದೆ. ನಿಮ್ಮ ನಾಣ್ಯ, ನಿಮ್ಮ ಲೆವೆಲ್, ಎರಡು ವರ್ಷದ ಹಿಂದೆ ಗೆದ್ದ ಟೋಪಿ, ಎಲ್ಲ ಅಲ್ಲಿ.

ಆ 32 ಎಂಬ ಅಂಕಿ ಎಷ್ಟು ಕಡೆ ಇದೆ ಗೊತ್ತಾ? ಸರ್ವರ್‌ನಲ್ಲಿ ಲೆಕ್ಕಕ್ಕೆ ಬೇಕು. ಕ್ಲೈಂಟ್‌ನಲ್ಲಿ ಗನ್ನಿನ ವಿವರ ತೋರಿಸಲು ಬೇಕು. ನೆಟ್‌ವರ್ಕ್ ತಡವಾದರೂ ಉಳಿದ ಪ್ರಾಣ ತೋರಿಸುವ ಪಟ್ಟಿ ತಕ್ಷಣ ಇಳಿದಂತೆ ಕಾಣಲಿ ಅಂತ ಕೆಲವು ಆಟಗಳಲ್ಲಿ ಕ್ಲೈಂಟ್ ಮೊದಲೇ ಒಂದು ಅಂದಾಜು ಹಾಕುತ್ತದೆ, ಅಲ್ಲೂ ಬೇಕು. ಸರ್ವರ್ 29 ಅಂದು ಕ್ಲೈಂಟ್ 32 ಅಂದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕಥೆ. ಪರದೆಯ ಮೇಲೆ ಸತ್ತವನು ಅರ್ಧ ಸೆಕೆಂಡಿನಲ್ಲಿ ಎದ್ದು ನಿಮಗೇ ಗುಂಡು ಹೊಡೆಯುತ್ತಾನೆ.

ಹಾಗಾಗಿ ನಮ್ಮ ಕಸುಬಿನಲ್ಲಿ ಬದಲಾವಣೆ ಬರೆಯುವುದು ಕಷ್ಟದ ಭಾಗವಲ್ಲ. ಹಳೆಯದೂ ಹೊಸದೂ ಒಂದೇ ಹೊತ್ತಿನಲ್ಲಿ ಬದುಕಿರುತ್ತವಲ್ಲ, ಆ ಹೊತ್ತನ್ನು ದಾಟಿಸುವುದೇ ಕಷ್ಟ.

ಪಂದ್ಯಗಳ ಆಟವಾದರೆ ಒಂದು ಉಪಾಯವಿದೆ. ಹೊಸ ವರ್ಷನ್ನಿನ ಸರ್ವರ್‌ಗಳನ್ನು ಪಕ್ಕದಲ್ಲೇ ಎಬ್ಬಿಸುತ್ತೇವೆ. ಹೊಸ ಪಂದ್ಯಗಳೆಲ್ಲ ಅಲ್ಲಿಗೆ. ಹಳೆ ಸರ್ವರ್‌ನಲ್ಲಿ ಆಡುತ್ತಿರುವವರು ಆಡಿ ಮುಗಿಸಲಿ ಅಂತ ಬಿಡುತ್ತೇವೆ, ಖಾಲಿಯಾದ ಮೇಲೆ ಆರಿಸುತ್ತೇವೆ. ಎಲ್ಲರೂ ಒಂದೇ ಲೋಕದಲ್ಲಿ ಸದಾ ಬದುಕುವ ಆಟಕ್ಕೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಪಂದ್ಯ ಮುಗಿಯುವುದೇ ಇಲ್ಲವಲ್ಲ. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ ದಿನಾ ಯುಟಿಸಿ (ವಿಶ್ವ ಸಮಯ) ಬೆಳಿಗ್ಗೆ 11 ಗಂಟೆಗೆ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. ಆಟಗಾರರು ಅದಕ್ಕೆ ಹೊಂದಿಕೊಂಡೇ ಯುದ್ಧದ ಯೋಜನೆ ಹಾಕುತ್ತಾರೆ. ಫೋರ್ಟ್‌ನೈಟ್ 2019ರ ಅಕ್ಟೋಬರ್‌ನಲ್ಲಿ ಇನ್ನೂ ಜಾಣತನ ತೋರಿಸಿತು. ಇಡೀ ನಕ್ಷೆಯನ್ನು ಕಪ್ಪುಕುಳಿ ನುಂಗಿತು. ಸುಮಾರು ಎರಡು ದಿನ ಪರದೆಯ ಮೇಲೆ ಅದೊಂದೇ ಇತ್ತು, ಜನ ಅದನ್ನೇ ನೋಡುತ್ತ ಕೂತಿದ್ದರು. ಆಮೇಲೆ ಹೊಸ ನಕ್ಷೆ ಬಂತು. ನನ್ನ ಕಣ್ಣಿಗೆ ಅದು ಅತ್ಯಂತ ಚಂದದ "ರಿಪೇರಿ ನಡೆಯುತ್ತಿದೆ" ಬೋರ್ಡು.

ಸರ್ವರ್ ನಮ್ಮ ಕೈಯಲ್ಲಿದೆ, ಕ್ಲೈಂಟ್ ಇಲ್ಲ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆದರೆ ಅದನ್ನು ತಯಾರಿಸುವ ಕಂಪನಿಯ ಪರೀಕ್ಷೆ ಪಾಸಾಗಬೇಕು. ಫೋನ್ ಆದರೆ ಆ್ಯಪ್ ಸ್ಟೋರ್ ಒಪ್ಪಬೇಕು. ಬೇರೆ ಬೇರೆ ಸಾಧನದವರು ಒಟ್ಟಿಗೆ ಆಡುವ ಆಟದಲ್ಲಿ ಎಲ್ಲರಿಗಿಂತ ನಿಧಾನವಾಗಿ ಒಪ್ಪಿಗೆ ಕೊಡುವವರೇ ಬಿಡುಗಡೆಯ ದಿನ ನಿರ್ಧರಿಸುತ್ತಾರೆ. ಆ್ಯಪಲ್‌ನಲ್ಲಿ ತಾನಾಗಿ ಆಗುವ ಅಪ್‌ಡೇಟನ್ನು ಏಳು ದಿನಗಳಲ್ಲಿ ಹಂತಹಂತವಾಗಿ ಬಿಡುವ ಅನುಕೂಲವಿದೆ. ಮೊದಲ ದಿನ 1%, ಮಾರನೇ ದಿನ 2%, ಆಮೇಲೆ 5, 10, 20, 50, ಕೊನೆಗೆ 100. ಒಬ್ಬರೇ ಆಡುವ ಆಟಕ್ಕೆ ಇದು ವರದಾನ, ಏನಾದರೂ ಕೆಟ್ಟರೆ ಸ್ವಲ್ಪ ಜನಕ್ಕೆ ಮಾತ್ರ ಕೆಡುತ್ತದೆ. ಗುಂಪಾಗಿ ಆಡುವ ಆಟಕ್ಕೆ ಇದೇ ತಲೆನೋವು. ನಾಲ್ವರು ಗೆಳೆಯರಲ್ಲಿ ಒಬ್ಬನಿಗೆ ಹೊಸದು ಬಂದು ಮೂವರಿಗೆ ಬಂದಿಲ್ಲ ಅಂದರೆ ಅವರು ಒಟ್ಟಿಗೆ ಆಡುವುದು ಹೇಗೆ?

ಇದಕ್ಕೆ ನಾವು ಮಾಡುವುದು ಇಷ್ಟು. ಹೊಸ ಸಾಮಾನನ್ನು ಮೊದಲೇ ಕ್ಲೈಂಟ್ ಒಳಗೆ ತುಂಬಿ ಕಳಿಸುತ್ತೇವೆ, ಆದರೆ ಸ್ವಿಚ್ ಆರಿಸಿರುತ್ತೇವೆ. ಸಾಕಷ್ಟು ಜನರಿಗೆ ತಲುಪಿದ ಮೇಲೆ, ನಿಗದಿಯಾದ ಗಳಿಗೆಯಲ್ಲಿ ಸರ್ವರ್ ಕಡೆಯಿಂದ ಸ್ವಿಚ್ ಹಾಕುತ್ತೇವೆ. ನೀವು "ಇವತ್ತು ಅಪ್‌ಡೇಟ್ ಬಂತು" ಅನ್ನುವ ದಿನಕ್ಕೆ ಅದು ನಿಮ್ಮ ಸಾಧನದಲ್ಲಿ ಹತ್ತು ದಿನದಿಂದ ಮಲಗಿರಬಹುದು. ಫೈಲು ಅಗೆದು ಗುಟ್ಟು ಹೊರಹಾಕುವ ಒಂದು ಜಾತಿಯ ಆಟಗಾರರಿದ್ದಾರೆ. ಗುಟ್ಟನ್ನು ನಾವೇ ಅವರ ಮನೆಗೆ ಕಳಿಸಿಕೊಟ್ಟು, ಆಮೇಲೆ ಬೈದುಕೊಂಡರೆ ಏನು ಪ್ರಯೋಜನ.

ಇನ್ನು ಸೈಜಿನ ಪ್ರಶ್ನೆ. "ಎರಡು ಬಗ್ ಸರಿ ಮಾಡೋಕೆ ಐದು ಜಿಬಿ ಯಾಕೆ?" ಆಟದ ಸಾವಿರಾರು ಚಿತ್ರ, ಸದ್ದುಗಳನ್ನು ದೊಡ್ಡ ದೊಡ್ಡ ಮೂಟೆ ಕಟ್ಟಿಟ್ಟಿರುತ್ತಾರೆ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಅಂಗಡಿ ಈ ಫೈಲುಗಳನ್ನು ಸುಮಾರು ಒಂದೊಂದು ಎಂಬಿಯ ತುಂಡುಗಳಾಗಿ ನೋಡಿ, ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಒಳ್ಳೆಯದೇ. ಆದರೆ ಮೂಟೆಯನ್ನು ಇಡಿಯಾಗಿ ಕಂಪ್ರೆಸ್ ಮಾಡಿದ್ದರೆ (ಒತ್ತಿ ಚಿಕ್ಕದು ಮಾಡಿದ್ದರೆ), ಒಂದು ಕಡೆ ತಿದ್ದಿದ ಕೂಡಲೇ ಅಲ್ಲಿಂದ ಮುಂದಿನದೆಲ್ಲ ಬೇರೆಯಾಗಿ ಕಾಣಬಹುದು. ಆಗ ಅರ್ಧ ಮೂಟೆ ಮತ್ತೆ ಕಳಿಸಬೇಕು. ಡೌನ್‌ಲೋಡ್ 200 ಎಂಬಿ ಮುಗಿದರೂ ಡಿಸ್ಕ್ ಇನ್ನೂ ಗಿರಗಿರ ಅನ್ನುತ್ತಿರುತ್ತದೆ ನೋಡಿ, ಆ ಸಣ್ಣ ತುಂಡನ್ನು ಸೇರಿಸಲು 40 ಜಿಬಿ ಮೂಟೆಯನ್ನು ಪೂರ್ತಿ ಹೊಸದಾಗಿ ಕಟ್ಟುತ್ತಿದೆ ಅಂತ ಅರ್ಥ. ತಿರುಗುವ ಹಾರ್ಡ್ ಡಿಸ್ಕಿನವರಿಗೆ ಬೇಗ ಲೋಡ್ ಆಗಲಿ ಅಂತ ಒಂದೇ ಫೈಲನ್ನು ಹಲವು ಕಡೆ ನಕಲು ಮಾಡಿ ಇಡುವ ಹಳೇ ಪದ್ಧತಿಯೂ ಇದೆ. ಹೆಲ್‌ಡೈವರ್ಸ್ 2 ಆಟದವರು 2025ರ ಕೊನೆಯಲ್ಲಿ ಆ ನಕಲುಗಳನ್ನು ತೆಗೆದಾಗ ಪಿಸಿಯಲ್ಲಿ ಅದರ ಗಾತ್ರ ಸುಮಾರು 154 ಜಿಬಿಯಿಂದ 23ಕ್ಕೆ ಇಳಿಯಿತು.

ಅಳಿಸುವುದೂ ಅಪ್‌ಡೇಟಿನ ಭಾಗವೇ. ನನಗೆ ಸೇರಿಸುವುದಕ್ಕಿಂತ ಅದರ ಭಯ ಜಾಸ್ತಿ. 2007ರ ಡಿಸೆಂಬರ್‌ನಲ್ಲಿ ಈವ್ ಆನ್‌ಲೈನ್‌ನ ಒಂದು ದೊಡ್ಡ ಅಪ್‌ಡೇಟ್ ತನ್ನದೇ ಫೋಲ್ಡರಿನ 'ಬೂಟ್ ಡಾಟ್ ಐಎನ್ಐ' ಎಂಬ ಹಳೆ ಫೈಲನ್ನು ಅಳಿಸಲು ಹೋಯಿತು. ಅದೇ ಹೆಸರಿನ ಫೈಲು ವಿಂಡೋಸ್‌ಗೂ ಇತ್ತು, ಡಿಸ್ಕಿನ ಬುಡದಲ್ಲೇ. ಫೋಲ್ಡರಿನ ದಾರಿ ತಪ್ಪಾಗಿ ಬರೆದಿದ್ದರಿಂದ ಕೆಲವರಲ್ಲಿ ಅಳಿದದ್ದು ವಿಂಡೋಸ್‌ನ ಫೈಲು. ಆಟ ಅಪ್‌ಡೇಟ್ ಮಾಡಿ ಕಂಪ್ಯೂಟರ್ ಆರಿಸಿದವರಲ್ಲಿ ಕೆಲವರ ಯಂತ್ರ ಮತ್ತೆ ಏಳಲೇ ಇಲ್ಲ. ಈ ಕಥೆಯನ್ನು ನಮ್ಮ ತಂಡಕ್ಕೆ ಬಂದ ಹೊಸಬರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ.

ಹೊಸದು ತಾನಾಗಿ ಸರಿಯಿರುತ್ತದೆ, ಹಳೆಯದೂ ಸರಿಯಿರುತ್ತದೆ, ಎರಡೂ ಸೇರಿದಾಗ ಕೆಡುತ್ತದೆ. ಇದಕ್ಕೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ 2005ರ ಸೆಪ್ಟೆಂಬರ್ ಘಟನೆಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಹೊಸದಾಗಿ ಬಂದ ಒಬ್ಬ ದೈತ್ಯ ಆಟಗಾರರಿಗೆ ಅಂಟುರೋಗ ತಗುಲಿಸುತ್ತಿದ್ದ. ಅದು ಅವನಿದ್ದ ಜಾಗದೊಳಗೇ ಉಳಿಯಬೇಕಿತ್ತು. ಆದರೆ ಆಟದಲ್ಲಿ ಮೊದಲಿನಿಂದ ಒಂದು ನಿಯಮವಿತ್ತು. ಸಾಕುಪ್ರಾಣಿಯನ್ನು ಕಣ್ಮರೆ ಮಾಡಿಟ್ಟು ಆಮೇಲೆ ಕರೆದರೆ, ಹೋದಾಗ ಯಾವ ಸ್ಥಿತಿಯಲ್ಲಿತ್ತೋ ಹಾಗೇ ಬರುತ್ತಿತ್ತು. ರೋಗ ಹಿಡಿದ ಪ್ರಾಣಿಯನ್ನು ಜನ ಊರಿನ ನಡುವೆ ಕರೆದರು. ಅಂಗಡಿ ನಡೆಸುವ ಪಾತ್ರಗಳಿಗೂ ರೋಗ ಅಂಟಿತು, ಅವರು ಸಾಯದೆ ಬಂದವರಿಗೆಲ್ಲ ಹಂಚಿದರು. ಸಣ್ಣ ಲೆವೆಲ್‌ನವರು ಊರಿಗೆ ಕಾಲಿಟ್ಟ ಕೂಡಲೇ ಸಾಯುತ್ತಿದ್ದರು. ಕೊನೆಗೆ ಸರ್ವರ್‌ಗಳನ್ನು ರೀಸೆಟ್ ಮಾಡಿ ನಿಯಮವನ್ನೂ ಬದಲಿಸಬೇಕಾಯಿತು. 2007ರಲ್ಲಿ ಸಾಂಕ್ರಾಮಿಕ ರೋಗ ಅಧ್ಯಯನ ಮಾಡುವವರು ಇದರ ಬಗ್ಗೆ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ರೋಗದ ಕೋಡ್ ಬರೆದವರು ಪ್ರಾಣಿಯ ಕೋಡ್ ಮುಟ್ಟಿಯೂ ಇರಲಿಲ್ಲ ಅಂತ ನನ್ನ ಊಹೆ. ಅಲ್ಲೇ ಇರುವುದು ಅಪಾಯ.

ಮುಟ್ಟದ ಕೋಡ್ ಕೂಡ ಹಳಸುತ್ತದೆ. ಜಿಟಿಎ ಆನ್‌ಲೈನ್ 2013ರಿಂದ ನಡೆಯುತ್ತಿದೆ. ಪ್ರತಿ ಅಪ್‌ಡೇಟಿಗೂ ಅದರ ಅಂಗಡಿಗೆ ಒಂದಿಷ್ಟು ಸಾಮಾನು ಸೇರುತ್ತ ಹೋಯಿತು. 2021ರ ಹೊತ್ತಿಗೆ ಆ ಪಟ್ಟಿಯಲ್ಲಿ ಸುಮಾರು 63,000 ಸಾಲುಗಳಿದ್ದವು. ಪಟ್ಟಿ ಓದುವ ಕೋಡ್ ಒಂದೊಂದು ತುಣುಕು ಓದುವಾಗಲೂ ಉಳಿದ ಪಠ್ಯದ ಉದ್ದವನ್ನು ಮತ್ತೆ ಅಳೆಯುತ್ತಿತ್ತು. ಜೊತೆಗೆ ಪ್ರತಿ ಸಾಮಾನು ಈಗಾಗಲೇ ಬಂದಿದೆಯಾ ಅಂತ ಹಿಂದಿನ ಎಲ್ಲದರ ಜೊತೆ ಹೋಲಿಸುತ್ತಿತ್ತು. ಪಟ್ಟಿ ಚಿಕ್ಕದಿದ್ದಾಗ ಯಾರಿಗೂ ಗೊತ್ತಾಗದ ದಡ್ಡತನ ಇದು. ಪಟ್ಟಿ ಬೆಳೆದ ಮೇಲೆ ಕೆಲವರಿಗೆ ಆಟ ತೆರೆಯಲು ಐದಾರು ನಿಮಿಷ. ಪತ್ತೆ ಮಾಡಿದ್ದು ಕಂಪನಿಯವರಲ್ಲ, ಬೇಸತ್ತ ಒಬ್ಬ ಆಟಗಾರ. ತನ್ನ ಕಂಪ್ಯೂಟರಿನಲ್ಲಿ ಆ ಸಮಯವನ್ನು ಸುಮಾರು 70% ಇಳಿಸಿ ತೋರಿಸಿದ. ಕಂಪನಿ ಒಪ್ಪಿಕೊಂಡು ಸರಿ ಮಾಡಿತು, ಅವನಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು.

ಹಾಗಾದರೆ ಎಡವಟ್ಟಾದಾಗ ಹಿಂದಕ್ಕೆ ಹೋಗಬಹುದಲ್ವಾ? ಕೋಡ್ ಹಿಂದಕ್ಕೆ ಹೋಗುತ್ತದೆ, ಡೇಟಾಬೇಸ್ ಹೋಗುವುದಿಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಆಟದಲ್ಲಿ ಒಂದು ವಸ್ತುವಿನ ಮಾರುವ ಬೆಲೆ ಕೊಳ್ಳುವ ಬೆಲೆಗಿಂತ ಹೆಚ್ಚಾಗಿ ಹೊರಬಿತ್ತು. ಸುಮ್ನೆ ಕೊಂಡು ಮಾರುತ್ತ ಕೂತರೆ ದುಡ್ಡು. ನಮಗೆ ಗೊತ್ತಾಗಲು ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆ ನಾಣ್ಯಗಳು ಉಡುಗೊರೆಯಾಗಿ, ವ್ಯಾಪಾರವಾಗಿ ಏನೂ ಅರಿಯದವರ ಖಾತೆಗಳಿಗೂ ಹರಿದಿದ್ದವು. ಎಲ್ಲವನ್ನೂ ನಲವತ್ತು ನಿಮಿಷ ಹಿಂದಕ್ಕೆ ತಿರುಗಿಸಿದರೆ, ಅದೇ ಹೊತ್ತಿನಲ್ಲಿ ಕಷ್ಟಪಟ್ಟು ದೈತ್ಯನನ್ನು ಕೊಂದವರ ಗೆಲುವೂ ಹೋಗುತ್ತದೆ. ನಾವು ಲಾಗ್ (ಯಾವಾಗ ಏನಾಯಿತು ಎಂಬ ಸರ್ವರ್ ದಾಖಲೆ) ಹಿಡಿದು ಒಂದೊಂದೇ ಖಾತೆಯ ಕಳ್ಳ ನಾಣ್ಯ ತೆಗೆದೆವು. ನಾಲ್ಕು ದಿನ ಹಿಡಿಯಿತು. ಈಗಲೂ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ, ತಂಡದಲ್ಲಿ ಒಪ್ಪದವರೂ ಇದ್ದರು.

ಅದಕ್ಕೇ ಆಟಗಾರರ ಖಾತೆಯ ರೂಪ ಬದಲಿಸುವ ಕೆಲಸವನ್ನು ಒಂದೇ ಏಟಿಗೆ ಮಾಡುವುದಿಲ್ಲ. ಮೊದಲ ಬಿಡುಗಡೆಯಲ್ಲಿ ಸರ್ವರ್‌ಗೆ ಹಳೇ ರೂಪ, ಹೊಸ ರೂಪ ಎರಡನ್ನೂ ಓದಲು ಕಲಿಸುತ್ತೇವೆ, ಬರೆಯುವುದು ಹಳೆಯದನ್ನೇ. ಎರಡನೆಯದರಲ್ಲಿ ಹೊಸದನ್ನು ಬರೆಯಲು ಶುರು. ಏನಾದರೂ ಕೆಟ್ಟು ಹಿಂದಿನ ಸರ್ವರ್‌ಗೆ ಮರಳಿದರೂ ಅದಕ್ಕೆ ಹೊಸ ರೂಪ ಓದಲು ಬರುತ್ತದೆ. ಹಳೆಯದನ್ನು ಕಿತ್ತುಹಾಕುವುದು ಮೂರನೆಯದರಲ್ಲಿ. ಆಟಗಾರರ ಕಣ್ಣಿಗೆ ಇದರಲ್ಲಿ ಒಂದೂ ಕಾಣುವುದಿಲ್ಲ. ಅವರು ಕೇಳುವ ಮೂರು ವಾರದಲ್ಲಿ ದೊಡ್ಡ ಪಾಲು ಇಂಥ ಕೆಲಸಕ್ಕೇ ಹೋಗಿರುತ್ತದೆ.

ಬರೀ ಅಂಕಿಯಾದರೆ ಬೇಗ ಆಗುತ್ತದೆ, ಅದನ್ನು ಸರ್ವರ್‌ನ ಕಡತದಲ್ಲಿ ಇಟ್ಟು ಕ್ಲೈಂಟ್ ಅಲ್ಲಿಂದಲೇ ಓದುವಂತೆ ಮೊದಲೇ ಕಟ್ಟಿದ್ದರೆ. ಇದನ್ನೇ ಹಾಟ್‌ಫಿಕ್ಸ್ ಅನ್ನುವುದು. 2015ರ ಡಿಸೆಂಬರ್‌ನಲ್ಲಿ ಸಿಎಸ್‌ಗೋ ಎಂಬ ಶೂಟಿಂಗ್ ಆಟಕ್ಕೆ ಬಂದ ಆರ್8 ರಿವಾಲ್ವರ್ ಎಷ್ಟು ಬಲವಾಗಿತ್ತೆಂದರೆ, ಕೆಲವೇ ದಿನಗಳಲ್ಲಿ ಅದರ ಶಕ್ತಿ ಇಳಿಸಬೇಕಾಯಿತು. ಲೀಗ್ ಆಫ್ ಲೆಜೆಂಡ್ಸ್ ಸುಮಾರು ಎರಡು ವಾರಕ್ಕೊಮ್ಮೆ ಪಾತ್ರಗಳ ಬಲ ತಿದ್ದುತ್ತದೆ. ಆದರೆ ಬೇಗ ಆಗುತ್ತದೆ ಅಂತ ಬೇಗ ಮಾಡುವುದು ಒಳ್ಳೆಯದಲ್ಲ. ಹೊಸ ಆಯುಧಕ್ಕೆ ಎದುರು ಉಪಾಯ ಹುಡುಕಲು ಆಟಗಾರರಿಗೂ ಸಮಯ ಬೇಕು. ಮೊದಲ ವಾರ "ಮುರಿದುಹೋಗಿದೆ" ಅನಿಸಿಕೊಂಡದ್ದು ಮೂರನೇ ವಾರ ಯಾರಿಗೂ ಬೇಡವಾಗಿದ್ದನ್ನು ನಾನೇ ನೋಡಿದ್ದೇನೆ. ಒಮ್ಮೆಯಂತೂ ಗುಂಡು ಹಾರಿಸುವಾಗ ಒಂದು ಗನ್ನಿನ ಜಗ್ಗಾಟ ಹೆಚ್ಚಿಸಿದ್ದೇವೆ ಅಂತ ಪ್ಯಾಚ್ ಟಿಪ್ಪಣಿಯಲ್ಲಿ (ಅಪ್‌ಡೇಟಿನ ವಿವರದಲ್ಲಿ) ಬರೆದು, ಬದಲಾವಣೆಯನ್ನೇ ಬಿಲ್ಡ್‌ಗೆ (ಹೊರಗೆ ಬಿಡುವ ವರ್ಷನ್ನಿಗೆ) ಸೇರಿಸಲು ಮರೆತಿದ್ದೆವು. ಗನ್ ಹಾಳಾಯಿತು ಅಂತ ಎರಡು ದಿನ ದೂರು ಬಂತು.

ರೀಪ್ಲೇಗಳ ಗತಿ ಬೇರೆ. ಬಹಳಷ್ಟು ಆಟಗಳಲ್ಲಿ ರೀಪ್ಲೇ ಅಂದರೆ ವಿಡಿಯೋ ಅಲ್ಲ, ಯಾರು ಯಾವಾಗ ಏನು ಮಾಡಿದರು ಎಂಬ ಪಟ್ಟಿ. ಅದನ್ನು ಹೊಸ ನಿಯಮದಲ್ಲಿ ಓಡಿಸಿದರೆ ಸೋತವರು ಗೆದ್ದುಬಿಡಬಹುದು! ಸ್ಟಾರ್‌ಕ್ರಾಫ್ಟ್ 2 ಇದಕ್ಕಾಗಿ ಹಳೆ ವರ್ಷನ್ನನ್ನೇ ಮತ್ತೆ ಎಬ್ಬಿಸುತ್ತದೆ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಹೊಸ ಪ್ಯಾಚ್ ಬಂದ ಮೇಲೆ ಹಳೆಯ ರೀಪ್ಲೇ ತೆರೆಯುವುದಿಲ್ಲ.

ಹಳೆಯದು ಪೂರ್ತಿ ಹೋಯಿತು ಅಂತ ಯಾವಾಗ ಹೇಳಬಹುದು? ಒಂದು ದೊಡ್ಡ ಅಪ್‌ಡೇಟ್ ಬಿಟ್ಟು ಐದು ತಿಂಗಳಾದ ಮೇಲೆ ಲಾಗ್ ನೋಡುತ್ತಿದ್ದೆ. ಒಂದೇ ಒಂದು ಹಳೇ ಕ್ಲೈಂಟ್ ಹೆಚ್ಚುಕಡಿಮೆ ದಿನಾ ಬಂದು ಬಾಗಿಲು ತಟ್ಟುತ್ತಿತ್ತು. ನಮ್ಮ ಸರ್ವರ್ "ಅಪ್‌ಡೇಟ್ ಮಾಡಿ" ಅಂತ ಉತ್ತರ ಕೊಟ್ಟು ಕಳಿಸುತ್ತಿತ್ತು. ಆ ಫೋನಿನ ಆಪರೇಟಿಂಗ್ ಸಿಸ್ಟಂ ಎಷ್ಟು ಹಳೆಯದೆಂದರೆ ಹೊಸ ಬಿಲ್ಡ್ ಅದರಲ್ಲಿ ಇಳಿಯುವಂತೆಯೇ ಇರಲಿಲ್ಲ. ಆ ಉತ್ತರ ಕೊಡುವ ನಾಲ್ಕು ಸಾಲಿನ ಕೋಡನ್ನು ಅಳಿಸುವ ಕೆಲಸ ನನ್ನ ಪಟ್ಟಿಯಲ್ಲಿತ್ತು. "ನಿಮ್ಮ ಫೋನಿಗೆ ಈ ಆಟ ಇನ್ನು ಬರುವುದಿಲ್ಲ, ನಿಮ್ಮ ಖಾತೆ ಮಾತ್ರ ಹಾಗೇ ಇದೆ" ಅಂತ ಸಂದೇಶ ಬದಲಿಸಿ, ಕೋಡನ್ನು ಅಲ್ಲೇ ಬಿಟ್ಟೆ.